ಎಂಟು ಹಂಗಾಮಿನ ನಂತರ 7ಎಂಎಂ-08: ಜಿಂಕೆಗೆ ಮನಸಾರೆ ಹೌದು, ಕರಡಿಗೆ ಒಂದು ಷರತ್ತಿನ ಮೇಲೆ

ಈಡು ಹಾರಿದ ಕ್ಷಣದಲ್ಲಿ ಜಿಂಕೆ ಏನು ಮಾಡಿತು ಎಂಬುದು ನನಗೆ ಈಗ ಕಾಣುತ್ತದೆ. ಮುಂಗಾಲು ಮಡಿಚಿತೇ, ಬೆನ್ನು ಗೂನಾಯಿತೇ, ಯಾವ ಮರದ ಎಡಕ್ಕೆ ಹೊರಳಿ ಓಡಿತು, ಎಲ್ಲವೂ ಸ್ಕೋಪಿನ ಆ ಪುಟ್ಟ ವೃತ್ತದೊಳಗೇ ನಡೆಯುತ್ತದೆ. ಹಿಂದಿನ ಕೋವಿಯಲ್ಲಿ ಈ ಭಾಗ್ಯ ಇರಲಿಲ್ಲ. ಟ್ರಿಗರ್ ಒತ್ತಿದೊಡನೆ ನಳಿಗೆ ಮೇಲಕ್ಕೆ ಹಾರುತ್ತಿತ್ತು, ನಾನು ಕಣ್ಣು ಮುಚ್ಚಿರುತ್ತಿದ್ದೆ, ಮತ್ತೆ ನೋಡುವ ಹೊತ್ತಿಗೆ ಅಲ್ಲಿ ಬರೀ ಮರಗಳು. 7ಎಂಎಂ-08 ಕ್ಯಾಲಿಬರಿನ (ಅಂದರೆ ಆ ಅಳತೆಯ ತೋಟೆ ಹಾರಿಸುವ) ರೈಫಲ್ ಕೊಂಡು ಎಂಟು ಹಂಗಾಮು ಕಳೆದವು. ಹನ್ನೊಂದು ಜಿಂಕೆ, ಎರಡು ಕರಡಿ ಆಗಿವೆ. ಈ ಕ್ಯಾಲಿಬರ್ ಬಗ್ಗೆ ಕನ್ನಡದಲ್ಲಿ ಯಾರೂ ಬರೆದದ್ದನ್ನು ನಾನು ಓದಿಲ್ಲ. ಆದ್ದರಿಂದ ನನ್ನ ಅನುಭವವನ್ನು ಬರೆದಿಡುತ್ತಿದ್ದೇನೆ.

ನನ್ನ ತೀರ್ಪು ನನ್ನ ಮೈಕಟ್ಟಿಗೆ ಮತ್ತು ನನ್ನ ಕಾಡಿಗೆ ಸಂಬಂಧಿಸಿದ್ದು, ಅದನ್ನು ಮೊದಲೇ ಹೇಳಬೇಕು. ನಾನು ವಿರಾಜಪೇಟೆ ಕಡೆಯವಳು, ಐದಡಿ ಎರಡಂಗುಲ ಎತ್ತರ, 54 ಕಿಲೋ ತೂಕ. ಪೆನ್ಸಿಲ್ವೇನಿಯಾದ ಉತ್ತರದ ಬೆಟ್ಟಸೀಮೆಯಲ್ಲಿ ಆಸ್ಪತ್ರೆಯ ಪ್ರಯೋಗಾಲಯವೊಂದರಲ್ಲಿ ಕೆಲಸ. ಬೇಟೆಗೆ ಹೋಗುವುದು ಹೆಚ್ಚಾಗಿ ಸ್ಪ್ರೌಲ್ ರಾಜ್ಯಾರಣ್ಯದ ಅಂಚಿಗೆ. ಮೂರು ಲಕ್ಷ ಎಕರೆಗೂ ಮಿಕ್ಕ ಕಾಡು ಅದು. ಆದರೆ ಅಲ್ಲಿ ನೂರು ಗಜದಾಚೆ ನೋಟ ಹರಿಯುವ ಜಾಗ ಬಹಳ ಕಡಿಮೆ. ಐನೂರು ಗಜದಲ್ಲಿ ಯಾವ ಗುಂಡು ಎಷ್ಟು ಇಳಿಯುತ್ತದೆ ಎಂಬ ಚರ್ಚೆಯಿಂದ ನನಗೆ ಉಪಯೋಗವಿಲ್ಲ. ನಾನು ಈಡು ಹಾಕಿದ ಅತಿ ದೂರ 140 ಗಜ.

ಕೊಡಗಿನವಳೆಂದರೆ ಬೇಟೆ ರಕ್ತದಲ್ಲೇ ಬಂದಿರಬೇಕು ಎಂದು ಗೆಳತಿಯರು ಹೇಳುತ್ತಾರೆ. ಹಾಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ನಾನು ಹುಟ್ಟಿಯೇ ಇರಲಿಲ್ಲ, ನಮ್ಮ ಮನೆಯಲ್ಲಿ ಬೇಟೆ ಕೇವಲ ಅಜ್ಜನ ಮಾತಿನಲ್ಲಿತ್ತು. ಕೋವಿ ಮಾತ್ರ ಇತ್ತು. ಅಪ್ಪನ ಒಂಟಿ ನಳಿಗೆಯ ಹನ್ನೆರಡು ಬೋರಿನ ತೋಟೆ ಕೋವಿ. ಮನೆಯಲ್ಲಿ ಸಾವಾದರೆ ಎರಡು ಈಡು, ಸೆಪ್ಟೆಂಬರಿನ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಅದಕ್ಕೆ ತೋಕ್ ಪೂವಿನ (ಕೋವಿ ಹೂವಿನ) ಅಲಂಕಾರ, ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ. ಗುರಿ ಹಿಡಿಯುವುದನ್ನು ನಾನು ಕಲಿತದ್ದು ಆ ತೆಂಗಿನಕಾಯಿಯಿಂದ. ಉಸಿರನ್ನು ಅರ್ಧ ಬಿಟ್ಟು ನಿಲ್ಲಿಸುವುದು, ಬೆರಳಿನ ತುದಿಯಿಂದ ಮಾತ್ರ ಒತ್ತುವುದು, ಎರಡನ್ನೂ ಅಪ್ಪನೇ ಹೇಳಿಕೊಟ್ಟದ್ದು.

ಅಮೆರಿಕದಲ್ಲಿ ಕಾಯಂ ವಾಸದ ಹಸಿರು ಕಾರ್ಡ್ ಬಂದ ಮೇಲೆ, 2016ರಲ್ಲಿ, ಇಲ್ಲಿ ಹೊಸಬರಿಗೆ ಕಡ್ಡಾಯವಾದ ಬೇಟೆ ತರಬೇತಿ ಮುಗಿಸಿ ಪರವಾನಗಿ ಪಡೆದೆ. (ತಾತ್ಕಾಲಿಕ ವೀಸಾದಲ್ಲಿರುವವರು ಕೋವಿಯನ್ನು ಕೈಯಲ್ಲಿ ಹಿಡಿಯುವ ಮೊದಲೇ ಕಾನೂನು ತಿಳಿದುಕೊಳ್ಳಿ. ಅವರಿಗೆ ಸಾಮಾನ್ಯವಾಗಿ ನಿಷೇಧವಿದೆ, ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿಯಿದೆ.) ಯಾವ ಕ್ಯಾಲಿಬರ್ ಎಂದು ಕೇಳಿದಾಗ ಹತ್ತರಲ್ಲಿ ಎಂಟು ಜನ .30-06 ಎಂದರು. 1906ರಲ್ಲಿ ಅಮೆರಿಕದ ಸೇನೆ ಅಳವಡಿಸಿಕೊಂಡ ತೋಟೆ. ಜಿಂಕೆ, ಕರಡಿ, ಎಲ್ಕ್ ಯಾವುದಕ್ಕೂ ಸಾಲದು ಎನ್ನುವ ಹಾಗಿಲ್ಲ, ಯಾವ ಊರಿನ ಅಂಗಡಿಯಲ್ಲಾದರೂ ಸಿಗುತ್ತದೆ. ಎಲ್ಲವೂ ನಿಜ. ನಾನು ಹಳೆಯದೊಂದನ್ನು ಅಗ್ಗದಲ್ಲಿ ಕೊಂಡೆ. ಹಗುರವಾದ ಕೋವಿ, ಹಿಂಬದಿಯ ಮರ ನನ್ನ ತೋಳಿಗಿಂತ ಒಂದಂಗುಲ ಉದ್ದ. ಗುರಿ ಮೈದಾನದಲ್ಲಿ ಇಪ್ಪತ್ತು ತೋಟೆ ಸುಟ್ಟ ಸಂಜೆ ಭುಜ ನೀಲಿಗಟ್ಟಿತ್ತು. ಭುಜದ ನೋವು ವಾರದಲ್ಲಿ ಹೋಯಿತು. ಅದು ಬಿಟ್ಟುಹೋದ ಅಂಜಿಕೆ ಹೋಗಲಿಲ್ಲ. ಈಡು ಹಾರುವ ಮೊದಲೇ ನನ್ನ ಮೈ ಬಿಗಿಯುತ್ತಿತ್ತು, ಕಣ್ಣು ತಾನಾಗಿ ಮುಚ್ಚುತ್ತಿತ್ತು, ಭುಜ ಮುಂದಕ್ಕೆ ತಳ್ಳುತ್ತಿತ್ತು.

ಆ ಡಿಸೆಂಬರಿನಲ್ಲಿ ಒಂದು ಹೆಣ್ಣು ಜಿಂಕೆ ಅರವತ್ತು ಗಜದಲ್ಲಿ ಅಡ್ಡಲಾಗಿ ನಿಂತಿತ್ತು. ತೆಂಗಿನಕಾಯಿಯಾಗಿದ್ದರೆ ಹತ್ತಕ್ಕೆ ಹತ್ತು ಹೊಡೆಯುತ್ತಿದ್ದೆ. ಈಡು ಹೊಟ್ಟೆಯ ಕಡೆಗೆ ಬಿತ್ತು. ಕತ್ತಲಾಗುವವರೆಗೆ ಹುಡುಕಿದೆ, ಮರುದಿನ ರಜೆ ಹಾಕಿ ಹುಡುಕಿದೆ, ಹಳ್ಳದ ಅಂಚಿನಲ್ಲಿ ಜಾಡು ತಪ್ಪಿತು. ಆ ಜಿಂಕೆ ನನಗೆ ಸಿಗಲೇ ಇಲ್ಲ. ಅದು ಎಲ್ಲಿ ಮಲಗಿತು, ಎಷ್ಟು ಹೊತ್ತು ನರಳಿತು ಎಂದು ಈಗಲೂ ರಾತ್ರಿ ನೆನಪಾಗುವುದುಂಟು. ತಪ್ಪು .30-06ರದ್ದಲ್ಲ. ನನ್ನ ಮೈಗೆ ಆಗದ ಕೋವಿಯನ್ನು ಹಿಡಿದು ಜೀವದ ಮೇಲೆ ಗುರಿಯಿಟ್ಟದ್ದು ನನ್ನ ತಪ್ಪು.

ಪಕ್ಕದ ಮನೆಯ ಹಿರಿಯರೊಬ್ಬರು ಐವತ್ತು ವರ್ಷದಿಂದ ಲಿವರ್ ಹಿಡಿಯ .30-30 ಒಂದರಲ್ಲೇ ಜಿಂಕೆ ಹೊಡೆದವರು. ಅವರು ನನ್ನನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ, ನನಗೆ ತಿಳಿಯದಂತೆ ಕೋವಿಯೊಳಗೆ ಒಮ್ಮೆ ತೋಟೆಯನ್ನೂ ಒಮ್ಮೆ ಖಾಲಿ ಕೊಳವೆಯನ್ನೂ ಇಟ್ಟು ಕೊಟ್ಟರು. ಖಾಲಿ ಇದ್ದಾಗ ನಳಿಗೆ ಎಷ್ಟು ಕೆಳಕ್ಕೆ ಕುಕ್ಕುತ್ತದೆ ಎಂದು ನಾನೇ ನೋಡಿದೆ. ಹಿಡಿಯಷ್ಟು ಅಗಲ. ಅಂದೇ ಆ ಕೋವಿ ಮಾರುವ ನಿರ್ಧಾರ ಮಾಡಿದೆ.

ಬೇರೆ ಕ್ಯಾಲಿಬರ್‌ಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. .243 ಮೃದು, ಜಿಂಕೆಗೆ ಸಾಕು, ಆದರೆ ಕೊಬ್ಬಿದ ಗಂಡು ಕರಡಿಯ ಭುಜದ ಮೂಳೆಯ ಮೇಲೆ ನೂರು ಗ್ರೇನ್ (ಸುಮಾರು ಆರೂವರೆ ಗ್ರಾಂ) ತೂಕದ ಗುಂಡನ್ನು ನಂಬಿ ಬಿಡಲು ನನ್ನ ಮನಸ್ಸು ಒಪ್ಪಲಿಲ್ಲ. .270 ಒಳ್ಳೆಯದು, ಸದ್ದು ಮತ್ತು ಒದೆತ ನನಗೆ ಇನ್ನೂ ಜಾಸ್ತಿ. 6.5 ಕ್ರೀಡ್‌ಮೂರ್ 2007ರಲ್ಲಿ ಬಂದದ್ದು, ದೂರದ ಗುರಿಗೆ ಹೆಸರಾದದ್ದು, ನನ್ನ ಕಾಡಿನಲ್ಲಿ ಆ ದೂರವೇ ಇಲ್ಲ. .308 ಮಾತ್ರ ಕೊನೆಯವರೆಗೂ ಸ್ಪರ್ಧೆಯಲ್ಲಿತ್ತು. ನಿಜ ಹೇಳಬೇಕೆಂದರೆ 7ಎಂಎಂ-08 ಎಂಬುದು ಅದರದ್ದೇ ಕೂಸು: 1952ರ .308ರ ಹಿತ್ತಾಳೆ ಕೊಳವೆಯ ಕತ್ತನ್ನು ಕಿರಿದು ಮಾಡಿ 7 ಮಿಲಿಮೀಟರ್ ಗುಂಡು ಕೂರಿಸಿದ್ದು, ಕಾರ್ಖಾನೆಯ ತೋಟೆಯಾಗಿ 1980ರಲ್ಲಿ ಮಾರುಕಟ್ಟೆಗೆ ಬಂದದ್ದು. ಎಂಟು ಪೌಂಡ್ ತೂಕದ ಕೋವಿಯಲ್ಲಿ 180 ಗ್ರೇನಿನ .30-06 ಸುಮಾರು 20 ಫುಟ್-ಪೌಂಡ್ (ಒದೆತದ ಶಕ್ತಿಯ ಅಳತೆ) ಒದ್ದರೆ, 140 ಗ್ರೇನಿನ 7ಎಂಎಂ-08 ಹನ್ನೆರಡು ಹದಿಮೂರು ಒದೆಯುತ್ತದೆ. ಕಾಗದದ ಮೇಲೆ ಏಳೆಂಟು ಅಂಕಿಗಳ ವ್ಯತ್ಯಾಸ. ನನ್ನ ಭುಜಕ್ಕೆ ಅದು ಗುದ್ದಿಗೂ ತಳ್ಳಿಗೂ ಇರುವ ವ್ಯತ್ಯಾಸ.

ಹೀಗೆ 2017ರ ಬೇಸಿಗೆಯಲ್ಲಿ ಸಾಧಾರಣ ಬೆಲೆಯ 7ಎಂಎಂ-08 ಬೋಲ್ಟ್ ಕೋವಿ, ಪ್ರತಿ ಈಡಿಗೂ ಕೈಯಿಂದ ಬೋಲ್ಟ್ ಎಳೆಯುವಂಥದ್ದು, ಕೊಂಡೆ. (ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಕರಡಿಗೆ ಅರೆ-ಸ್ವಯಂಚಾಲಿತ ರೈಫಲ್ ನಡೆಯದು.) ಸ್ಕೋಪ್ ಸೇರಿ ಒಂಬೈನೂರು ಡಾಲರ್ ಒಳಗೆ ಆಯಿತು. ಹಿಂಬದಿಯ ಮರವನ್ನು ನನ್ನ ಅಳತೆಗೆ ಮುಕ್ಕಾಲು ಅಂಗುಲ ಕತ್ತರಿಸಿ ರಬ್ಬರ್ ಹಾಕಿಸಿದೆ. ಕ್ಯಾಲಿಬರ್ ಬದಲಿಸುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇದು, ಅರವತ್ತು ಡಾಲರಿನದ್ದು. ಹೆಂಗಸರಿಗೆ, ಕುಳ್ಳಗಿರುವ ಗಂಡಸರಿಗೆ ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ.

ಅಂಜಿಕೆ ಒಂದೇ ದಿನದಲ್ಲಿ ಬಿಡಲಿಲ್ಲ. ಅದನ್ನು ಬಿಡಿಸಿದ್ದು ಅಕ್ಟೋಬರಿನ ಸಂಜೆಗಳು. ಊಟದ ಪಾತ್ರೆ ತೊಳೆದು, ಮಗಳು ಓದಲು ಕುಳಿತ ಮೇಲೆ, ತೋಟೆಗಳನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿಟ್ಟು, ಕೋವಿ ಖಾಲಿ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಎರಡು ಸಲ ನೋಡಿ ನೆಲಮಾಳಿಗೆಗೆ ಹೋಗುತ್ತೇನೆ. ನಳಿಗೆಯ ತುದಿಯ ಮೇಲೆ ಒಂದು ಡೈಮ್ ನಾಣ್ಯ ಇಟ್ಟು, ಗೋಡೆಯ ಮೇಲಿನ ಚುಕ್ಕೆಗೆ ಗುರಿಯಿಟ್ಟು ಟ್ರಿಗರ್ ಒತ್ತುತ್ತೇನೆ. ನಾಣ್ಯ ಬೀಳಬಾರದು. ದಿನಕ್ಕೆ ಇಪ್ಪತ್ತು ಸಲ. ಮೊದಲ ವರ್ಷ ನಾಣ್ಯ ಬೀಳುವ ಟಿಣ್ ಸದ್ದು ಮೇಲಿನ ಮನೆಗೆ ಕೇಳುತ್ತಿತ್ತು. ಈಗ ಆ ಕೋಣೆಯಲ್ಲಿ ಬೋಲ್ಟ್ ಎಳೆಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಇಡೀ ವರ್ಷದಲ್ಲಿ ನಾನು ನಿಜವಾದ ತೋಟೆ ಸುಡುವುದು ನಲವತ್ತು ಮಾತ್ರ.

ಕೈಲ್‌ಪೊಳ್ದ್ ದಿನ ಕೋವಿಯನ್ನು ಒರೆಸಿ ದೀಪದ ಮುಂದೆ ಇಡುತ್ತೇನೆ. ತೋಕ್ ಪೂ ಇಲ್ಲಿ ಸಿಗುವುದಿಲ್ಲ. ಸೆಪ್ಟೆಂಬರ್ ಆರಂಭಕ್ಕೆ ರಸ್ತೆಯ ಬದಿಯೆಲ್ಲ ಗೋಲ್ಡನ್‌ರಾಡ್ ಅರಳಿರುತ್ತದೆ, ಆ ಹಳದಿ ಗೊಂಚಲೊಂದನ್ನು ನಳಿಗೆಗೆ ಕಟ್ಟುತ್ತೇನೆ. ಹಂಗಾಮಿನ ಹಿಂದಿನ ರಾತ್ರಿ ಬೇಟೆ ಶಿಬಿರದಲ್ಲಿ ಕೋವಿಯನ್ನು ಒಲೆಯ ಹತ್ತಿರ ತರುವುದಿಲ್ಲ, ಬೀಗ ಹಾಕಿದ ಚಳಿಯ ಕೋಣೆಯಲ್ಲೇ ಇಡುತ್ತೇನೆ. ತಣ್ಣಗಿನ ಕೋವಿ ಬಿಸಿ ಕೋಣೆಗೆ ಬಂದರೆ ಗಾಜಿನ ಮೇಲೂ ಬೋಲ್ಟಿನ ಸಂದಿನಲ್ಲೂ ನೀರು ಕೂರುತ್ತದೆ, ಮುಂಜಾನೆ ಅದೇ ಮಂಜಾಗುತ್ತದೆ. ನಳಿಗೆಯ ಬಾಯಿಗೆ ಕರೆಂಟ್ ಕೆಲಸದ ಟೇಪಿನ ಒಂದು ತುಂಡು, ಹಿಮ ಹೋಗದಂತೆ. ತಲೆ, ಎದೆ, ಬೆನ್ನು ಸೇರಿ 250 ಚದರ ಅಂಗುಲ ಹೊಳೆಯುವ ಕಿತ್ತಳೆ ಬಣ್ಣ ಇರಬೇಕೆಂಬುದು ಇಲ್ಲಿನ ನಿಯಮ. ನಾನು ಅದರ ಎರಡರಷ್ಟು ಹಾಕಿಕೊಳ್ಳುತ್ತೇನೆ. ಫ್ಲಾಸ್ಕಿನಲ್ಲಿ ಬೆಲ್ಲದ ಕಾಫಿ. ಬೆಳಕು ಹರಿಯುವ ಅರ್ಧ ಗಂಟೆ ಮೊದಲು ಮರಕ್ಕೆ ಒರಗಿ ಕುಳಿತರೆ, ಚಿಕಡೀ ಹಕ್ಕಿಗಳು ಕೋವಿಯ ಮೇಲೆ ಬಂದು ಕೂರುವಷ್ಟು ಸುಮ್ಮನಿರುತ್ತೇನೆ. ಅಜ್ಜ ಹೇಳುತ್ತಿದ್ದ ಮರಸು ಕೂರುವುದು ಎಂದರೆ ಇದೇ ಇರಬೇಕು.

ಜಿಂಕೆಯ ಮಟ್ಟಿಗೆ ನನಗೆ ಯಾವ ದೂರೂ ಇಲ್ಲ. ಹನ್ನೊಂದರಲ್ಲಿ ಒಂದೂ ಕಳೆದುಹೋಗಿಲ್ಲ. ಏಳು ನಿಂತಲ್ಲೇ ಬಿದ್ದವು ಅಥವಾ ಇಪ್ಪತ್ತು ಹೆಜ್ಜೆಯೊಳಗೆ ಬಿದ್ದವು. ಉಳಿದವು ಓಡಿದರೂ ಎತ್ತ ಓಡಿದವು ಎಂದು ಸ್ಕೋಪಿನಲ್ಲೇ ನೋಡಿದ್ದರಿಂದ ನೇರವಾಗಿ ಹೋಗಿ ಜಾಡು ಹಿಡಿದೆ. ಇಲ್ಲಿಯವರೆಗೆ ಬರೆದು ನಿಲ್ಲಿಸಿದ್ದರೆ ಐದಕ್ಕೆ ಐದು ನಕ್ಷತ್ರ ಕೊಡುತ್ತಿದ್ದೆ.

ಆದರೆ 2019ರ ಕರಡಿ ಇದೆ.

ಇಲ್ಲಿ ಕರಡಿಗೆ ಬೇರೆ ಪರವಾನಗಿ, ಬೇರೆ ಹಂಗಾಮು. ರೈಫಲ್ ಹಂಗಾಮು ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚಿನ ಶನಿವಾರ ಆರಂಭ. ಆ ವರ್ಷ ರಾಜ್ಯದಲ್ಲಿ ಒಟ್ಟು 4,653 ಕರಡಿ ಬಿದ್ದವು, ಅದು ದಾಖಲೆ. ಕರಡಿಗೆ ಆಹಾರ ಇಟ್ಟು ಕಾಯುವುದು ಇಲ್ಲಿ ನಿಷಿದ್ಧ, ಆದ್ದರಿಂದ ಹಲವರು ಗುಂಪು ಕಟ್ಟಿ ಬೆಟ್ಟದ ಒಂದು ಬದಿಯಿಂದ ಸದ್ದು ಮಾಡುತ್ತಾ ಬರುತ್ತಾರೆ, ಉಳಿದವರು ಇನ್ನೊಂದು ಬದಿಯಲ್ಲಿ ಕಾಯುತ್ತಾರೆ. ನಮ್ಮ ಕಡೆ ಹಿಂದೆ ಹಳು ಸೋಯುವುದು ಎನ್ನುತ್ತಿದ್ದರಲ್ಲ, ಅದೇ ಕ್ರಮ. ನಾನು ಮೇಲಿನ ಏಣಿನಲ್ಲಿ ನಿಂತಿದ್ದೆ. ಕೆಳಗೆಲ್ಲ ಲಾರೆಲ್ ಪೊದೆ, ಎದೆಮಟ್ಟ, ವರ್ಷವಿಡೀ ಹಸಿರು. ಪೆನ್ಸಿಲ್ವೇನಿಯಾದ ರಾಜ್ಯಪುಷ್ಪ ಅದು. ಜೂನ್‌ನಲ್ಲಿ ಹೂ ಬಿಟ್ಟಾಗ ನೋಡಲು ಬೆಟ್ಟ ಹತ್ತುವವರು ನವೆಂಬರಿನಲ್ಲಿ ಅದರೊಳಗೆ ಒಮ್ಮೆ ನುಗ್ಗಿ ನೋಡಬೇಕು.

ಕರಡಿ ಎಪ್ಪತ್ತು ಹೆಜ್ಜೆ ದೂರದಲ್ಲಿ ಅಡ್ಡ ಹಾಯಿತು. ಈಡು ಹಾಕಿದೆ. ಸ್ಕೋಪಿನಲ್ಲಿ ಅದು ಮುಗ್ಗರಿಸಿದ್ದು ಸ್ಪಷ್ಟವಾಗಿ ಕಂಡಿತು, ಎದ್ದು ಪೊದೆಯೊಳಗೆ ಹೋದದ್ದೂ ಕಂಡಿತು. ಹೋಗಿ ನೋಡಿದರೆ ನೆಲದಲ್ಲಿ ಒಂದು ಹನಿ ರಕ್ತವಿಲ್ಲ. ಕಪ್ಪು ಕೂದಲಿನ ಒಂದು ಕುಚ್ಚು, ಅಷ್ಟೇ. ಮುಂದಿನ ನಾಲ್ಕು ಗಂಟೆ ಆರು ಜನ ಮೊಣಕಾಲೂರಿ ಆ ಪೊದೆಯೊಳಗೆ ತೆವಳಿದೆವು. ಹನಿ ಸಿಕ್ಕಿದ್ದು ಎರಡೇ ಕಡೆ, ಎಲೆಯ ಅಡಿಯಲ್ಲಿ, ಸಾಸಿವೆಯಷ್ಟು. 2016ರ ಜಿಂಕೆಯೇ ನನ್ನ ಕಣ್ಣ ಮುಂದೆ ಇತ್ತು. ಕೊನೆಗೆ ಸುಮಾರು ಮುನ್ನೂರು ಗಜದಾಚೆ, ಬಿದ್ದ ಓಕ್ ಮರವೊಂದರ ಬೊಡ್ಡೆಯ ಬಳಿ ಸತ್ತು ಮಲಗಿದ್ದು ಸಿಕ್ಕಿತು.

ಸಿಗಿದು ನೋಡಿದಾಗ ಕಾರಣ ತಿಳಿಯಿತು. ಗುಂಡು ಭುಜದ ಮೂಳೆಗೆ ತಗುಲಿ ಚೂರಾಗಿತ್ತು. ಒಂದು ಚೂರು ಒಂದು ಶ್ವಾಸಕೋಶಕ್ಕೆ ಮುಟ್ಟಿತ್ತು, ಆಚೆ ಬದಿಗೆ ದಾಟಿಯೇ ಇರಲಿಲ್ಲ. ಚಳಿನಿದ್ದೆಗೆ ಸಿದ್ಧವಾದ ಕರಡಿಯ ಮೈಯಲ್ಲಿ ಎರಡು ಮೂರು ಅಂಗುಲ ಕೊಬ್ಬು ಇರುತ್ತದೆ, ಅದು ಗುಂಡು ಹೊಕ್ಕ ಸಣ್ಣ ತೂತನ್ನು ಮೇಣದಂತೆ ಮುಚ್ಚುತ್ತದೆ. ಒಸರಿದ ರಕ್ತವನ್ನು ದಟ್ಟ ಕೂದಲು ಹೀರುತ್ತದೆ. ನೆಲಕ್ಕೆ ಏನೂ ಬೀಳುವುದಿಲ್ಲ. ಜಿಂಕೆಗೆ ಇಷ್ಟು ಚೆನ್ನಾಗಿ ಕೆಲಸ ಮಾಡಿದ, ಬೇಗ ಅರಳುವ ತೆಳು ಹೊದಿಕೆಯ ಸೀಸದ ಗುಂಡು ಕರಡಿಗೆ ಕೈಕೊಟ್ಟಿತು. ಪೆಟ್ಟಿಗೆಯ ಮೇಲೆ ಜಿಂಕೆಯ ಜೊತೆ ಕರಡಿಯ ಚಿತ್ರವೂ ಇತ್ತು. ಆ ಚಿತ್ರವನ್ನು ನಂಬಿದ್ದಕ್ಕೆ ನನಗೆ ಇಂದಿಗೂ ಕೋಪವಿದೆ.

ಶಿಬಿರದಲ್ಲಿ ಆ ರಾತ್ರಿ ಎಲ್ಲರೂ ಹೇಳಿದ್ದು ಒಂದೇ: ಕರಡಿಗೆ ದೊಡ್ಡ ಕ್ಯಾಲಿಬರ್ ಬೇಕು. ನಾನೂ ಆ ಚಳಿಗಾಲವಿಡೀ ಹಾಗೆಯೇ ಯೋಚಿಸಿದೆ, ಕೋವಿ ಮಾರಲು ಬೆಲೆಯನ್ನೂ ವಿಚಾರಿಸಿದೆ. ಆಮೇಲೆ ಲೆಕ್ಕ ಹಾಕಿದೆ. 7ಎಂಎಂ-08ರ ಗುಂಡಿನ ಅಡ್ಡಳತೆ 0.284 ಅಂಗುಲ. .308ಕ್ಕೂ .30-06ಕ್ಕೂ 0.308. ವ್ಯತ್ಯಾಸ ಸುಮಾರು 0.6 ಮಿಲಿಮೀಟರ್. ಅಷ್ಟು ಹೆಚ್ಚಿನ ತೂತನ್ನೂ ಆ ಕೊಬ್ಬು ಮುಚ್ಚಿಯೇ ಮುಚ್ಚುತ್ತದೆ. ನನಗೆ ಬೇಕಾದದ್ದು ಆಚೆ ಬದಿಯ ತೂತು, ಕೆಳಗಿನಿಂದ ರಕ್ತ ಸುರಿಯುವ ತೂತು. ಅದನ್ನು ಕೊಡುವುದು ಮೂಳೆಗೆ ಬಡಿದರೂ ಒಡೆಯದ ಗುಂಡು. ಇದು ಹೊಸ ಸಮಸ್ಯೆಯೂ ಅಲ್ಲ. ಜಾನ್ ನಾಸ್ಲರ್ ಎಂಬವರು 1946ರಲ್ಲಿ ಕೆನಡಾದಲ್ಲಿ ಒಂದು ಮೂಸ್ ಮೇಲೆ ತಮ್ಮ ಗುಂಡುಗಳು ಮೇಲ್ಮೈಯಲ್ಲೇ ಸಿಡಿದು ವ್ಯರ್ಥವಾದದ್ದನ್ನು ಕಂಡು, ನಡುವೆ ಲೋಹದ ಅಡ್ಡಗೋಡೆಯಿರುವ ಪಾರ್ಟಿಷನ್ ಗುಂಡು ಮಾಡಿದರು. ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಇಡಿಯಾಗಿ ನುಗ್ಗುತ್ತದೆ. ಪೂರ್ತಿ ತಾಮ್ರದ ಗುಂಡುಗಳು ಅದೇ ಕೆಲಸವನ್ನು ಇನ್ನೊಂದು ದಾರಿಯಲ್ಲಿ ಮಾಡುತ್ತವೆ.

ನಾನು 140 ಗ್ರೇನಿನ ತಾಮ್ರದ ಗುಂಡಿಗೆ ಬದಲಾದೆ. ಮಾಂಸದಲ್ಲಿ ಸೀಸದ ಚೂರು ಉಳಿಯುವ ಭಯ ತಪ್ಪಿದ್ದು, ಕಾಡಿನಲ್ಲಿ ಬಿಟ್ಟುಬಂದ ಕರುಳನ್ನು ತಿನ್ನುವ ಹದ್ದುಗಳಿಗೆ ವಿಷ ಹಾಕಿದಂತಾಗುವುದಿಲ್ಲ ಎಂಬ ನೆಮ್ಮದಿ, ಇವು ಜೊತೆಗೆ ಬಂದ ಲಾಭ. ಹೊಸ ಗುಂಡಿಗೆ ಸ್ಕೋಪನ್ನು ಮತ್ತೆ ಹೊಂದಿಸಬೇಕಾಯಿತು, ಒಂದೂವರೆ ಪೆಟ್ಟಿಗೆ ಅದಕ್ಕೇ ಹೋಯಿತು.

ಪೆಟ್ಟಿಗೆಯ ಮಾತು ಬಂದಾಗ ಈ ಕ್ಯಾಲಿಬರಿನ ನಿಜವಾದ ದೋಷ ಹೇಳಲೇಬೇಕು. ತೋಟೆ ಸಿಗುವುದಿಲ್ಲ. 2020 ಮತ್ತು 2021ರಲ್ಲಿ ದೇಶದಾದ್ಯಂತ ತೋಟೆಯ ಅಭಾವ ಬಂದಾಗ ನಮ್ಮ ಊರಿನ ಅಂಗಡಿಗಳಿಗೆ ಮೊದಲು ಮರಳಿದ್ದು .308, ಆಮೇಲೆ .30-06 ಮತ್ತು .30-30. ನನ್ನದು ಹದಿನಾಲ್ಕು ತಿಂಗಳು ಕಣ್ಣಿಗೆ ಬೀಳಲಿಲ್ಲ. ಎರಡು ಪೆಟ್ಟಿಗೆಯಲ್ಲಿ ಎರಡು ವರ್ಷ ಕಳೆದೆ. ಅದಕ್ಕಿಂತ ಕೆಟ್ಟದ್ದು 2021ರ ಕರಡಿ ಹಂಗಾಮಿನ ಮೊದಲ ದಿನ. ಮೂರು ಗಂಟೆ ದಾರಿ ಸವೆಸಿ ಶಿಬಿರಕ್ಕೆ ಹೋದ ಮೇಲೆ ತೋಟೆಯ ಡಬ್ಬಿ ಮನೆಯ ಕಪಾಟಿನಲ್ಲೇ ಉಳಿದಿದ್ದು ಗೊತ್ತಾಯಿತು. ಬೆಟ್ಟದ ಕೆಳಗಿನ ಅಂಗಡಿಯಲ್ಲಿ, ಪೆಟ್ರೋಲ್ ಬಂಕಿನ ಪಕ್ಕದ ಹಾರ್ಡ್‌ವೇರ್ ಮಳಿಗೆಯಲ್ಲಿ, ನಲವತ್ತು ಮೈಲಿ ಆಚೆಯ ದೊಡ್ಡ ಮಳಿಗೆಯಲ್ಲಿ ಕೇಳಿದೆ. .308 ಇತ್ತು, .30-06 ಮೂರು ಬಗೆಯದ್ದಿತ್ತು. ನನ್ನದು ಎಲ್ಲೂ ಇರಲಿಲ್ಲ. ವರ್ಷಕ್ಕೆ ಕೆಲವೇ ದಿನ ಬರುವ ಹಂಗಾಮಿನಲ್ಲಿ ಒಂದಿಡೀ ಶನಿವಾರ ಕಾರಿನಲ್ಲಿ ಕಳೆಯಿತು. .308 ಕೊಂಡಿದ್ದರೆ ಹತ್ತು ನಿಮಿಷದ ಕೆಲಸವಾಗುತ್ತಿತ್ತು. ಬೆಲೆಯೂ ಏರಿದೆ: 2017ರಲ್ಲಿ ಇಪ್ಪತ್ತು ತೋಟೆಗೆ 27 ಡಾಲರ್ ಕೊಟ್ಟಿದ್ದೆ, ಈಗ ತಾಮ್ರದ್ದಕ್ಕೆ ಐವತ್ತರ ಹತ್ತಿರ. ಈಗ ಸಿಕ್ಕಾಗಲೆಲ್ಲ ಒಂದೇ ಕಾರ್ಖಾನೆಯ ಒಂದೇ ಬಗೆಯದ್ದನ್ನು ಎರಡೆರಡು ಪೆಟ್ಟಿಗೆ ತಂದಿಡುತ್ತೇನೆ, ಕಾರಿನ ಚೀಲಕ್ಕೆ ಹತ್ತು ತೋಟೆ ಬೇರೆಯೇ ಇರುತ್ತದೆ.

ಎರಡನೆಯ ಕರಡಿ 2022ರಲ್ಲಿ ಬಂದಿತು, ಒಬ್ಬಳೇ ಕುಳಿತಿದ್ದಾಗ. ಓಕ್ ಕಾಯಿ ಮೇಯುತ್ತಾ ಐವತ್ತು ಗಜಕ್ಕೆ ಬಂದು ಅಡ್ಡ ತಿರುಗಿತು. ಕರಡಿಯ ಕೂದಲು ಮೈಯ ಅಂಚನ್ನು ಮರೆಮಾಡುವುದರಿಂದ ಎಲ್ಲಿ ಎದೆ ಮುಗಿಯುತ್ತದೆ ಎಂದು ಹೇಳುವುದು ಕಷ್ಟ. ಮುಂಗಾಲು ಮುಂದೆ ಹೋಗುವವರೆಗೆ ಕಾದೆ. ಈಡು ಹಾರಿದಾಗ ಆಚೆ ಬದಿಯ ಹಿಮದ ಮೇಲೆ ಕೆಂಪು ಚಿಮ್ಮಿದ್ದು ಸ್ಕೋಪಿನಲ್ಲೇ ಕಂಡಿತು. ನಲವತ್ತು ಹೆಜ್ಜೆ ಹೋಗಿ ಬಿದ್ದಿತು. ಜಾಡು ಹುಡುಕುವ ಅಗತ್ಯವೇ ಬರಲಿಲ್ಲ. ನಾನು ಅಲ್ಲೇ ಕುಳಿತು ಸ್ವಲ್ಪ ಹೊತ್ತು ಅತ್ತೆ. ದುಃಖವೂ ಇತ್ತು, ಮೂರು ವರ್ಷದ ಭಾರ ಇಳಿದದ್ದೂ ಇತ್ತು.

ಇಪ್ಪತ್ತನಾಲ್ಕು ಗಂಟೆಯೊಳಗೆ ಕರಡಿಯನ್ನು ಬೇಟೆ ಆಯೋಗದ ತಪಾಸಣಾ ಕೇಂದ್ರಕ್ಕೆ ಒಯ್ಯಬೇಕು. ಅಲ್ಲಿ ತೂಗುತ್ತಾರೆ, ಒಂದು ಸಣ್ಣ ಹಲ್ಲು ಕಿತ್ತುಕೊಳ್ಳುತ್ತಾರೆ. ಹಲ್ಲನ್ನು ಸೀಳಿ ಮರದ ಉಂಗುರದಂತೆ ಎಣಿಸಿದರೆ ವಯಸ್ಸು ತಿಳಿಯುತ್ತದೆ. ಪ್ರಯೋಗಾಲಯದವಳಾದ ನನಗೆ ಆ ಸಾಲಿನಲ್ಲಿ ನಿಲ್ಲುವುದೇ ಒಂದು ಖುಷಿ. ಒಳಾಂಗ ತೆಗೆದ ಮೇಲೆ 212 ಪೌಂಡ್ ಇತ್ತು. ಮಾಂಸವನ್ನು ಊರಿಂದ ತಂದ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ), ಹುರಿದ ಮೆಣಸು ಜೀರಿಗೆ ಹಾಕಿ ಪಂದಿ ಕರಿಯ ಕ್ರಮದಲ್ಲೇ ಮಾಡಿದೆ. ಕರಡಿ ಮಾಂಸದಲ್ಲಿ ಟ್ರೈಕಿನೆಲ್ಲಾ ಹುಳು ಇರಬಹುದಾದ್ದರಿಂದ ಒಳಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು. ಕುಕ್ಕರಿನಲ್ಲಿ ಬೇಯಿಸುವವರಿಗೆ ಅದು ಚಿಂತೆಯೇ ಅಲ್ಲ. ಪಕ್ಕದ ಮನೆಯ ಹಿರಿಯರು ಎರಡು ಸಲ ಬಡಿಸಿಕೊಂಡರು.

ಹಾಗಾಗಿ ನನ್ನ ತೀರ್ಪು ಇದು. ಕೋವಿಯ ಒದೆತ ನಿಮ್ಮನ್ನು ಕಾಡುತ್ತಿದ್ದರೆ, ನೂರೈವತ್ತು ಗಜದೊಳಗಿನ ಕಾಡು ನಿಮ್ಮದಾಗಿದ್ದರೆ, ತೋಟೆಯನ್ನು ಬೇಸಿಗೆಯಲ್ಲೇ ಕೂಡಿಡುವ ಶಿಸ್ತು ಇದ್ದರೆ, 7ಎಂಎಂ-08 ಕೊಳ್ಳಿ. ಕರಡಿಗೆ ಹೋಗುವಾಗ ಒಡೆಯದ ಗುಂಡು ಮಾತ್ರ ಹಾಕಿ, ಜಿಂಕೆಗೂ ಅದನ್ನೇ ಬಳಸಿದರೆ ಸ್ಕೋಪ್ ಪದೇ ಪದೇ ಹೊಂದಿಸುವ ಕೆಲಸ ತಪ್ಪುತ್ತದೆ. ಎತ್ತರದ, ಗಟ್ಟಿ ಭುಜದವರು, ಯಾವ ಊರಲ್ಲಾದರೂ ತೋಟೆ ಸಿಗಬೇಕೆನ್ನುವವರು .308 ತೆಗೆದುಕೊಳ್ಳುವುದೇ ಮೇಲು. ನಾನು ಒಂದು ನಕ್ಷತ್ರ ಕಡಿಮೆ ಮಾಡುವುದು ಆ ಶನಿವಾರಕ್ಕಾಗಿ.

ಮಗಳಿಗೆ ಈಗ ಹನ್ನೊಂದು. ಇಲ್ಲಿ ಆ ವಯಸ್ಸಿಗೆ ತರಬೇತಿಗೆ ಕೂರಬಹುದು, ಹನ್ನೆರಡಕ್ಕೆ ಪರವಾನಗಿ. ಕಳೆದ ಅಕ್ಟೋಬರಿನಿಂದ ಅವಳೂ ಸಂಜೆ ನೆಲಮಾಳಿಗೆಗೆ ಬರುತ್ತಾಳೆ. ಮರದ ಹಿಂಬದಿಯಿಂದ ಕತ್ತರಿಸಿದ ಆ ಮುಕ್ಕಾಲು ಅಂಗುಲದ ತುಂಡನ್ನು ನಾನು ಎಸೆದಿರಲಿಲ್ಲ. ಅವಳ ಅಳತೆಗೆ ಇನ್ನೂ ಒಂದಂಗುಲ ಕತ್ತರಿಸಬೇಕು, ಬೆಳೆದ ಹಾಗೆ ತುಂಡುಗಳನ್ನು ಮತ್ತೆ ಸೇರಿಸಿಕೊಡುತ್ತೇನೆ ಎಂದು ಬಡಗಿ ಹೇಳಿದ್ದಾರೆ. ನಿನ್ನೆ ನಾಣ್ಯ ಇಪ್ಪತ್ತರಲ್ಲಿ ಹದಿಮೂರು ಸಲ ನಿಂತಿತು.